ಬೆಳೆಯುವ ಎಲೆಯಲ್ಲಿ ಜೀವಕೋಶಗಳ ಜೋಡಣೆಯನ್ನು ಅಳೆಯುವುದು ಹೇಗೆ? ಫಿಜಿ ತಂತ್ರಾಂಶದೊಂದಿಗೆ ಹಂತ ಹಂತವಾಗಿ

ಬೆಳೆಯುತ್ತಿರುವ ಅಂಗಾಂಶದಲ್ಲಿ ಜೀವಕೋಶಗಳು ಹೇಗೆ ಜೋಡಣೆಯಾಗುತ್ತವೆ ಎಂದು ಅಳೆಯಲು ದೊಡ್ಡ ಸಂಶೋಧನಾ ಸಂಸ್ಥೆಯ ದುಬಾರಿ ಮೈಕ್ರೋಸ್ಕೋಪೇ ಬೇಕು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಬೇಕಿಲ್ಲ. ಬೆಂಗಳೂರಿನ ಯಾವುದೇ ಡಿಗ್ರಿ ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬ್‌ನಲ್ಲಿರುವ ಸಾದಾ ಮೈಕ್ರೋಸ್ಕೋಪ್, ಕೈಲಿರುವ ಫೋನು, ಚಿತ್ರಗಳನ್ನು ಅಳೆಯಲು ಉಚಿತವಾಗಿ ಸಿಗುವ ಫಿಜಿ ತಂತ್ರಾಂಶ, ಇಷ್ಟಿದ್ದರೆ ನಿಜವಾದ ಪ್ರಶ್ನೆಗೆ ನಿಜವಾದ ಉತ್ತರ ಹುಡುಕಬಹುದು. ಬಿಎಸ್ಸಿ, ಎಂಎಸ್ಸಿ ಪ್ರಾಜೆಕ್ಟ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಈ ಕೆಲಸದಲ್ಲಿ ಎಲ್ಲವೂ ನಿಂತಿರುವುದು ಕೋಶ ಮತ್ತು ಕೋಶದ ನಡುವಿನ ಗೆರೆಯ ಮೇಲೆ. ಗೆರೆ ಸರಿಯಿದ್ದರೆ ವಿಸ್ತೀರ್ಣ, ಆಕಾರ, ನೆರೆಕೋಶಗಳ ಸಂಖ್ಯೆ ಎಲ್ಲ ತಾನಾಗಿ ಬರುತ್ತದೆ. ಗೆರೆ ತಪ್ಪಿದರೆ ಆಮೇಲೆ ಎಷ್ಟೇ ಅಂಕಿಅಂಶ ಹಾಕಿದರೂ ಪ್ರಯೋಜನವಿಲ್ಲ. ಆದ್ದರಿಂದ ನಿಮ್ಮ ಸಮಯದ ಜಾಸ್ತಿ ಪಾಲು ಚಿತ್ರ ತೆಗೆಯುವುದಕ್ಕೆ ಮತ್ತು ಗೆರೆ ತಿದ್ದುವುದಕ್ಕೆ ಹೋಗಲಿ.

ಯಾವ ಎಲೆ, ಯಾಕೆ

ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಪ್ಲಾಸ್ಮಾಲಿಸಿಸ್ ತೋರಿಸಲು ಬಳಸುವ ರೋಯಿಯೊ ಎಲೆ ನೆನಪಿದೆಯಲ್ವಾ? ಮೇಲೆ ಹಸಿರು, ಕೆಳಗೆ ನೇರಳೆ. ಈಗಿನ ವೈಜ್ಞಾನಿಕ ಹೆಸರು ಟ್ರೇಡ್‌ಸ್ಕ್ಯಾಂಷಿಯಾ ಸ್ಪೇತೇಸಿಯ. ಅಪಾರ್ಟ್‌ಮೆಂಟ್ ಕಾಂಪೌಂಡಿನ ಅಂಚಿಗೆ, ಕಾಲೇಜಿನ ತೋಟಕ್ಕೆ ಸಾಲಾಗಿ ನೆಟ್ಟಿರುತ್ತಾರೆ. ಲಾಲ್‌ಬಾಗಿನಿಂದ ಕೀಳಬೇಡಿ, ಯಾವ ನರ್ಸರಿಯಲ್ಲಿ ಕೇಳಿದರೂ ಕುಂಡ ಸಿಗುತ್ತದೆ.

ಈ ಎಲೆ ಎರಡು ಕಾರಣಕ್ಕೆ ಒಳ್ಳೆಯದು. ಮೊದಲನೆಯದು, ಕೆಳಗಿನ ಹೊರಪದರದ ಕೋಶಗಳಲ್ಲಿ ಆಂಥೋಸಯನಿನ್ ಎಂಬ ನೇರಳೆ ಬಣ್ಣ ತುಂಬಿರುತ್ತದೆ. ಕೋಶಭಿತ್ತಿಗೆ ಬಣ್ಣವಿಲ್ಲ. ಹಾಗಾಗಿ ಯಾವ ಸ್ಟೇನ್ ಹಾಕದೆಯೇ ಗೆರೆಗಳು ಎದ್ದು ಕಾಣುತ್ತವೆ. ಎರಡನೆಯದು ಇನ್ನೂ ಮುಖ್ಯ. ಇದು ಏಕದಳ ಸಸ್ಯ. ಇಂಥ ಎಲೆಗಳು ಬುಡದಿಂದ ಬೆಳೆಯುತ್ತವೆ. ಹೊಸ ಕೋಶಗಳು ಬುಡದಲ್ಲಿ ಹುಟ್ಟಿ, ಹಳೆಯವು ತುದಿಯ ಕಡೆ ಸರಿಯುತ್ತವೆ. ಅಂದರೆ ಬೆಳೆಯುತ್ತಿರುವ ಒಂದೇ ಎಳೆ ಎಲೆಯಲ್ಲಿ ಬುಡದಿಂದ ತುದಿಗೆ ಹೋದ ಹಾಗೆ ಬೆಳವಣಿಗೆಯ ಬೇರೆ ಬೇರೆ ಹಂತ ಸಾಲಾಗಿ ಸಿಗುತ್ತದೆ.

ಪ್ರಶ್ನೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಉದಾಹರಣೆಗೆ: ಬುಡದಿಂದ ತುದಿಗೆ ಬರುವಾಗ ಪತ್ರರಂಧ್ರಗಳ ಸಾಂದ್ರತೆ ಕಡಿಮೆಯಾಗುತ್ತದೆಯೇ? ಕಡಿಮೆಯಾಗುವುದಾದರೆ ಯಾಕೆ? ಇದೊಂದು ಪ್ರಶ್ನೆ ಸಾಕು, ಇಡೀ ಪ್ರಾಜೆಕ್ಟ್‌ಗೆ ದಾರಿ ತೋರಿಸುತ್ತದೆ.

ಚಿತ್ರ ತೆಗೆಯುವುದು

ಎಲೆಯನ್ನು ನೇರಳೆ ಭಾಗ ಮೇಲೆ ಬರುವಂತೆ ಹಿಡಿದು ಓರೆಯಾಗಿ ಹರಿಯಿರಿ. ಅಂಚಿನಲ್ಲಿ ತೆಳ್ಳಗಿನ ನೇರಳೆ ಪೊರೆ ಬಿಟ್ಟುಕೊಳ್ಳುತ್ತದೆ. ಅದನ್ನು ಫೋರ್ಸೆಪ್ಸ್‌ನಿಂದ ನಿಧಾನಕ್ಕೆ ಎಳೆದು, ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಕವರ್‌ಸ್ಲಿಪ್ ಮುಚ್ಚಿ. ನೀರು ಮಾತ್ರ ಹಾಕಿ. ಉಪ್ಪು ಅಥವಾ ಸಕ್ಕರೆ ದ್ರಾವಣ ತಾಗಿದರೆ ಒಳಗಿನ ಬಣ್ಣ ಭಿತ್ತಿಯಿಂದ ದೂರ ಸರಿದು, ಗೆರೆ ನಿಜಕ್ಕಿಂತ ದಪ್ಪವಾಗಿ ಕಾಣುತ್ತದೆ. ಬೆರಳಿನಿಂದ ಒತ್ತಿದರೆ ಕೋಶಗಳು ಒಡೆದು ಬಣ್ಣ ಸೋರಿಹೋಗುತ್ತದೆ. ಹಾಗೆ ಬಣ್ಣ ಕಳೆದುಕೊಂಡ ಜಾಗ ಬಿಟ್ಟು ಬೇರೆ ಜಾಗ ಹುಡುಕಿ.

ಬುಡದ ಎಳೆಯ ಭಾಗದಲ್ಲಿ ಬಣ್ಣ ಪೇಲವವಾಗಿರಬಹುದು. ಆಗ ಟೊಲುಯಿಡಿನ್ ಬ್ಲೂ ತುಂಬಾ ತೆಳುವಾಗಿ ಹಾಕಿ ತೊಳೆಯಿರಿ. ಭಿತ್ತಿಗೆ ಬಣ್ಣ ಹತ್ತುತ್ತದೆ. ಆದರೆ ಒಂದು ವಿಷಯ ಗಮನದಲ್ಲಿರಲಿ: ಬುಡಕ್ಕೆ ಸ್ಟೇನ್ ಹಾಕಿ ತುದಿಗೆ ಹಾಕದೆ ಹೋಲಿಸಬಾರದು. ಹಾಕುವುದಾದರೆ ಎಲ್ಲದಕ್ಕೂ ಹಾಕಿ.

ಬುಡ, ನಡು, ತುದಿ ಮೂರೂ ಕಡೆಯಿಂದ ಪೊರೆ ತೆಗೆಯಿರಿ. ಬುಡದಿಂದ ಎಷ್ಟು ದೂರ ಎಂದು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. 10ಎಕ್ಸ್ ಆಬ್ಜೆಕ್ಟಿವ್ ಸಾಕು. 40ಎಕ್ಸ್‌ನಲ್ಲಿ ಚೆಂದ ಕಾಣುತ್ತದೆ ನಿಜ, ಆದರೆ ಒಂದು ಚಿತ್ರದಲ್ಲಿ ಸಿಗುವ ಕೋಶಗಳು ಬೆರಳೆಣಿಕೆಯಷ್ಟು. ಜೋಡಣೆ ಅಳೆಯಲು ಒಂದೇ ಚಿತ್ರದಲ್ಲಿ ನೂರಾರು ಕೋಶ ಬೇಕು.

ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಐಪೀಸ್‌ಗೆ ಕಚ್ಚಿಸುವ ಅಡಾಪ್ಟರ್ ಹಾಕಿ. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಫಿಲ್ಟರ್, ಬ್ಯೂಟಿ ಮೋಡ್, ಡಿಜಿಟಲ್ ಜೂಮ್ ಎಲ್ಲ ಬಂದ್. ಫೋನು ತಾನಾಗಿ ಅಂಚುಗಳನ್ನು ಚೂಪು ಮಾಡುವುದನ್ನು ತಪ್ಪಿಸಲು ರಾ ಮೋಡ್ ಇದ್ದರೆ ಅದನ್ನೇ ಬಳಸಿ. ಪ್ರತಿ ಸಲ ಕೂತಾಗಲೂ ಸ್ಟೇಜ್ ಮೈಕ್ರೋಮೀಟರಿನ (ನಿಖರ ಅಳತೆಯ ಗೆರೆಗಳಿರುವ ಸ್ಲೈಡ್) ಒಂದು ಚಿತ್ರವನ್ನು ಅದೇ ಆಬ್ಜೆಕ್ಟಿವ್, ಅದೇ ಅಡಾಪ್ಟರ್ ಇಟ್ಟು ತೆಗೆಯಿರಿ. ಅಡಾಪ್ಟರ್ ಸ್ವಲ್ಪ ಜರುಗಿದರೂ ಅಳತೆ ಬದಲಾಗುತ್ತದೆ.

ಫಿಜಿ ಹಾಕಿಕೊಂಡು ಅಳತೆ ಕೊಡುವುದು

ಇಮೇಜ್‌ಜೆ ಎಂಬ ತಂತ್ರಾಂಶವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ವೇಯ್ನ್ ರಾಸ್‌ಬ್ಯಾಂಡ್ ಬರೆದರು. ಅದಕ್ಕೆ ಜೀವಶಾಸ್ತ್ರಕ್ಕೆ ಬೇಕಾದ ಪ್ಲಗಿನ್‌ಗಳನ್ನೆಲ್ಲ ಸೇರಿಸಿ ಕಟ್ಟಿದ್ದು ಫಿಜಿ. ಡೌನ್‌ಲೋಡ್ ಮಾಡಿ ಫೋಲ್ಡರ್ ತೆರೆದರೆ ಸಾಕು. ಹೆಲ್ಪ್ ಮೆನುವಿನ ಅಪ್‌ಡೇಟ್‌ಗೆ ಹೋಗಿ, ಮ್ಯಾನೇಜ್ ಅಪ್‌ಡೇಟ್ ಸೈಟ್ಸ್ ಪಟ್ಟಿಯಲ್ಲಿ ಐಜೆಪಿಬಿ ಪ್ಲಗಿನ್ಸ್‌ಗೆ ಟಿಕ್ ಹಾಕಿ, ಬದಲಾವಣೆ ಒಪ್ಪಿ, ಫಿಜಿಯನ್ನು ಮುಚ್ಚಿ ತೆರೆಯಿರಿ. ಈಗ ಮಾರ್ಫೋಲಿಬ್‌ಜೆ ಬಂದಿರುತ್ತದೆ. ಮುಂದಿನ ಕೆಲಸವೆಲ್ಲ ಅದರದ್ದೇ.

ಮೈಕ್ರೋಮೀಟರಿನ ಚಿತ್ರ ತೆರೆದು, ನೇರ ಗೆರೆಯ ಟೂಲ್‌ನಿಂದ 1 ಮಿಲಿಮೀಟರ್ ಉದ್ದಕ್ಕೂ ಗೆರೆ ಎಳೆಯಿರಿ. ಉದ್ದ ಎಳೆದಷ್ಟೂ ತಪ್ಪು ಕಡಿಮೆ. ಅನಲೈಸ್ ಮೆನುವಿನಲ್ಲಿ ಸೆಟ್ ಸ್ಕೇಲ್ ಒತ್ತಿ, ಗೊತ್ತಿರುವ ದೂರ 1000, ಏಕಮಾನ ಮೈಕ್ರಾನ್ ಎಂದು ಕೊಟ್ಟು, ಗ್ಲೋಬಲ್‌ಗೆ ಟಿಕ್ ಹಾಕಿ. ಆ ಗೆರೆ 2400 ಪಿಕ್ಸೆಲ್ ಬಂತು ಅಂದುಕೊಳ್ಳೋಣ. ಒಂದು ಪಿಕ್ಸೆಲ್ ಸುಮಾರು 0.417 ಮೈಕ್ರಾನ್. 16,000 ಪಿಕ್ಸೆಲ್ ಇರುವ ಕೋಶದ ವಿಸ್ತೀರ್ಣ ಸುಮಾರು 2778 ಚದರ ಮೈಕ್ರಾನ್. ಇಲ್ಲಿ ಅಳತೆ ಶೇಕಡಾ 5ರಷ್ಟು ತಪ್ಪಿದರೆ ವಿಸ್ತೀರ್ಣ ಶೇಕಡಾ 10ರಷ್ಟು ತಪ್ಪುತ್ತದೆ, ಯಾಕೆಂದರೆ ಅದು ವರ್ಗವಾಗುತ್ತದೆ.

ಚಿತ್ರವನ್ನು ಸಿದ್ಧಪಡಿಸುವುದು

ಮೂಲ ಚಿತ್ರವನ್ನು ಮುಟ್ಟಬೇಡಿ. ನಕಲು ಮಾಡಿ, ಟಿಫ್ ರೂಪದಲ್ಲಿ ಉಳಿಸಿ, ಅದರ ಮೇಲೆ ಕೆಲಸ ಮಾಡಿ.

ಇಮೇಜ್ ಮೆನುವಿನ ಕಲರ್‌ನಲ್ಲಿ ಸ್ಪ್ಲಿಟ್ ಚಾನಲ್ಸ್ ಒತ್ತಿದರೆ ಕೆಂಪು, ಹಸಿರು, ನೀಲಿ ಮೂರು ಚಿತ್ರ ಬೇರೆಯಾಗುತ್ತವೆ. ಹಸಿರು ಚಾನಲ್ ಇಟ್ಟುಕೊಳ್ಳಿ. ಆಂಥೋಸಯನಿನ್ ಹೆಚ್ಚಾಗಿ ಹೀರಿಕೊಳ್ಳುವುದು ಹಸಿರು ಬೆಳಕನ್ನೇ. ಆದ್ದರಿಂದ ಆ ಚಾನಲ್‌ನಲ್ಲಿ ಕೋಶ ಕಪ್ಪಗೆ, ಭಿತ್ತಿ ಬೆಳ್ಳಗೆ ಕಾಣುತ್ತದೆ. ನಮಗೆ ಬೇಕಾಗಿರುವುದೂ ಇದೇ: ಗೆರೆ ಬೆಳ್ಳಗಿರಬೇಕು. ಸ್ಟೇನ್ ಹಾಕಿದ್ದರೆ ಉಲ್ಟಾ ಆಗಿರುತ್ತದೆ, ಎಡಿಟ್ ಮೆನುವಿನಲ್ಲಿ ಇನ್‌ವರ್ಟ್ ಮಾಡಿಕೊಳ್ಳಿ.

ಚಿತ್ರದ ಒಂದು ಮೂಲೆ ಮಂಕಾಗಿದ್ದರೆ ಪ್ರೋಸೆಸ್ ಮೆನುವಿನಲ್ಲಿ ಸಬ್‌ಟ್ರಾಕ್ಟ್ ಬ್ಯಾಕ್‌ಗ್ರೌಂಡ್ ಬಳಸಿ. ಆಮೇಲೆ ಗಾಸಿಯನ್ ಬ್ಲರ್, ಸಿಗ್ಮಾ 1 ಅಥವಾ 2. ಅದಕ್ಕಿಂತ ಜಾಸ್ತಿ ಕೊಟ್ಟರೆ ಸಣ್ಣ ಕೋಶಗಳ ನಡುವಿನ ತೆಳು ಗೆರೆ ಅಳಿಸಿಹೋಗುತ್ತದೆ. ಬುಡದ ಚಿತ್ರಕ್ಕೆ ಇದು ನೇರ ಪೆಟ್ಟು, ಯಾಕೆಂದರೆ ಸಣ್ಣ ಕೋಶಗಳು ಇರುವುದೇ ಅಲ್ಲಿ.

ಗೆರೆ ಹುಡುಕುವುದು

ಪ್ಲಗಿನ್ಸ್, ಮಾರ್ಫೋಲಿಬ್‌ಜೆ, ಸೆಗ್ಮೆಂಟೇಷನ್, ಮಾರ್ಫಲಾಜಿಕಲ್ ಸೆಗ್ಮೆಂಟೇಷನ್. ತೆರೆದ ಕಿಟಕಿಯಲ್ಲಿ ಬಾರ್ಡರ್ ಇಮೇಜ್ ಆರಿಸಿ, ರನ್ ಒತ್ತಿ.

ಒಳಗೆ ನಡೆಯುವುದು ವಾಟರ್‌ಶೆಡ್ ಎಂಬ ಲೆಕ್ಕ. ಚಿತ್ರದ ಕಪ್ಪು ಭಾಗ ತಗ್ಗು, ಬಿಳಿ ಭಾಗ ದಿಬ್ಬ ಎಂದುಕೊಳ್ಳಿ. ಪ್ರತಿ ತಗ್ಗಿನಲ್ಲೂ ನೀರು ತುಂಬುತ್ತಾ ಏರುತ್ತದೆ. ಎರಡು ಕೆರೆಯ ನೀರು ಸೇರುವಂತಾದಾಗ ಅಲ್ಲೊಂದು ಏರಿ ಕಟ್ಟಿ ತಡೆಯಲಾಗುತ್ತದೆ. ಆ ಏರಿಯೇ ನಮ್ಮ ಗೆರೆ.

ಟಾಲರೆನ್ಸ್ ಎಂಬ ಒಂದು ಅಂಕಿ ಇಡೀ ಫಲಿತಾಂಶವನ್ನು ನಿರ್ಧರಿಸುತ್ತದೆ. ಮೊದಲೇ ಇರುವ ಬೆಲೆ 10, ಇದು 8 ಬಿಟ್ ಚಿತ್ರಕ್ಕೆ ಸರಿಹೊಂದುತ್ತದೆ. 16 ಬಿಟ್ ಚಿತ್ರಕ್ಕೆ ಇದಕ್ಕಿಂತ ತುಂಬಾ ದೊಡ್ಡ ಅಂಕಿ ಬೇಕು. ಬೆಲೆ ಕಡಿಮೆಯಾದರೆ ಒಂದು ಕೋಶ ಎರಡು ಮೂರು ತುಂಡಾಗುತ್ತದೆ, ಹೆಚ್ಚಾದರೆ ಅಕ್ಕಪಕ್ಕದ ಕೋಶಗಳು ಕೂಡಿಹೋಗುತ್ತವೆ. ಸ್ವಲ್ಪ ತುಂಡಾಗುವ ಕಡೆಗೇ ಇಡಿ ಎಂಬುದು ನನ್ನ ಸಲಹೆ. ತುಂಡುಗಳನ್ನು ಕೂಡಿಸುವುದು ಸುಲಭ, ಕೂಡಿಹೋದದ್ದನ್ನು ಬಿಡಿಸಲು ಕೈಯಲ್ಲಿ ಗೆರೆ ಎಳೆಯಬೇಕು. ಬುಡ, ನಡು, ತುದಿ ಎಲ್ಲದಕ್ಕೂ ಒಂದೇ ಬೆಲೆ ಇಡಲು ನೋಡಿ. ಆಗದಿದ್ದರೆ ಯಾವುದಕ್ಕೆ ಎಷ್ಟು ಎಂದು ಬರೆದಿಡಿ.

ಈಗ ತಿದ್ದುವ ಕೆಲಸ. ಇದನ್ನು ಯಾರೂ ಬಿಟ್ಟು ಮುಂದೆ ಹೋಗಬಾರದು. ಗೆರೆಗಳನ್ನು ಮೂಲ ಚಿತ್ರದ ಮೇಲೆ ಇಟ್ಟು, ಮೂಲೆಯಿಂದ ಮೂಲೆಗೆ ಸಾಲು ಸಾಲಾಗಿ ನೋಡಿ. ಪತ್ರರಂಧ್ರವೇ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವ ಜಾಗ. ಎರಡು ಕಾವಲು ಕೋಶ ಮತ್ತು ನಡುವಿನ ರಂಧ್ರವನ್ನು ತಂತ್ರಾಂಶ ಮೂರು ಕೋಶ ಎಂದು ಎಣಿಸುತ್ತದೆ. ಪಾಯಿಂಟ್ ಟೂಲ್‌ನಿಂದ ಮೂರರ ಮೇಲೂ ಶಿಫ್ಟ್ ಒತ್ತಿ ಗುರುತು ಹಾಕಿ, ಪೋಸ್ಟ್ ಪ್ರೋಸೆಸಿಂಗ್ ಭಾಗದಲ್ಲಿ ಮರ್ಜ್ ಲೇಬಲ್ಸ್ ಒತ್ತಿ. ಮೂರೂ ಸೇರಿ ಒಂದಾಗುತ್ತವೆ. ಸುತ್ತ ನಾಲ್ಕು ಬಣ್ಣವಿಲ್ಲದ ಸಹಾಯಕ ಕೋಶಗಳಿರುತ್ತವೆ. ಅವುಗಳ ನಡುವಿನ ಗೆರೆ ಮಸುಕಾಗಿರುವುದರಿಂದ ಅಲ್ಲೂ ಕಣ್ಣಿಡಿ. ಆ ನಾಲ್ಕನ್ನು ಬೇರೆ ಬೇರೆಯಾಗಿಯೇ ಉಳಿಸಿ. ಎಲ್ಲ ಮುಗಿದ ಮೇಲೆ ಕ್ಯಾಚ್‌ಮೆಂಟ್ ಬೇಸಿನ್ಸ್ ಆರಿಸಿ ಹೊಸ ಚಿತ್ರ ಮಾಡಿ ಉಳಿಸಿ. ಇದರಲ್ಲಿ ಪ್ರತಿ ಕೋಶಕ್ಕೂ ಒಂದೊಂದು ನಂಬರ್ ಇರುತ್ತದೆ. ಹೀಗೆ ನಂಬರ್ ಹಾಕಿದ ಭಾಗಕ್ಕೆ ಲೇಬಲ್ ಎನ್ನುತ್ತಾರೆ.

ತಿದ್ದುವಾಗ ಯಾವುದು ಬುಡ, ಯಾವುದು ತುದಿ ಎಂದು ಗೊತ್ತಾಗದಂತೆ ಸ್ನೇಹಿತರಿಂದ ಫೈಲ್ ಹೆಸರು ಬದಲಾಯಿಸಿಕೊಳ್ಳಿ. ಕೋಶದ ಗಾತ್ರ ನೋಡಿಯೇ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ ನಿಜ. ಆದರೂ ಯಾವ ಗಿಡ, ಯಾವ ಎಲೆ ಎಂದಾದರೂ ಮರೆಯಾಗಿರುತ್ತದೆ.

ಗೆರೆ ತೀರಾ ಮಸುಕಾಗಿದ್ದರೆ ಸೆಲ್‌ಪೋಸ್ ನೋಡಿ. 2021ರಲ್ಲಿ ಪ್ರಕಟವಾದ ಈ ಉಚಿತ ತಂತ್ರಾಂಶ ಬಗೆಬಗೆಯ ಚಿತ್ರಗಳಲ್ಲಿ ಗುರುತು ಮಾಡಿದ ಸಾವಿರಾರು ಕೋಶಗಳಿಂದ ಕಲಿತು ಕೋಶಗಳನ್ನು ಗುರುತಿಸುತ್ತದೆ. ನೀವು ತಿದ್ದಿದ ಚಿತ್ರಗಳಿಂದ ಮತ್ತೆ ಕಲಿಸಲೂಬಹುದು. ಒಂದೇ ಎಚ್ಚರ: ಅದು ಕೋಶಗಳ ನಡುವೆ ಕೆಲವು ಪಿಕ್ಸೆಲ್ ಖಾಲಿ ಬಿಡಬಹುದು. ಹಾಗೆ ಬಿಟ್ಟರೆ ಮುಂದೆ ನೆರೆಕೋಶಗಳ ಲೆಕ್ಕ ಹಾಕುವಾಗ ಪಕ್ಕಪಕ್ಕದ ಕೋಶಗಳು ನೆರೆಯಲ್ಲ ಎಂದು ಬರುತ್ತದೆ. ಲೇಬಲ್‌ಗಳನ್ನು ಒಂದೆರಡು ಪಿಕ್ಸೆಲ್ ಹಿಗ್ಗಿಸಿ ಆ ಸಂದು ಮುಚ್ಚಿದ ಮೇಲೆಯೇ ಮುಂದೆ ಹೋಗಿ.

ಅಳೆಯುವುದು

ಮಾರ್ಫೋಲಿಬ್‌ಜೆಯ ಅನಲೈಸ್ ಪಟ್ಟಿಯಲ್ಲಿ ಅನಲೈಸ್ ರೀಜನ್ಸ್ ಒತ್ತಿದರೆ ಪ್ರತಿ ಕೋಶದ ವಿಸ್ತೀರ್ಣ, ಸುತ್ತಳತೆ, ನಡುಬಿಂದು, ಎಷ್ಟು ನೀಳವಾಗಿದೆ ಎಂಬುದೆಲ್ಲ ಕೋಷ್ಟಕವಾಗಿ ಬರುತ್ತದೆ. ಅದೇ ಪಟ್ಟಿಯ ರೀಜನ್ ಅಡ್ಜೆಸೆನ್ಸಿ ಗ್ರಾಫ್ ಯಾವ ನಂಬರಿನ ಕೋಶಕ್ಕೆ ಯಾವ ನಂಬರ್ ನೆರೆ ಎಂದು ಜೋಡಿ ಜೋಡಿಯಾಗಿ ಕೊಡುತ್ತದೆ. ಒಂದು ಕೋಶದ ನಂಬರ್ ಆ ಪಟ್ಟಿಯ ಎರಡೂ ಕಾಲಮ್‌ಗಳಲ್ಲಿ ಒಟ್ಟು ಎಷ್ಟು ಸಲ ಬಂದಿದೆ ಎಂದು ಎಕ್ಸೆಲ್‌ನಲ್ಲಿ ಎಣಿಸಿದರೆ ಅದರ ನೆರೆಕೋಶಗಳ ಸಂಖ್ಯೆ ಸಿಕ್ಕಿತು.

ಇಲ್ಲಿ ಕ್ರಮ ತಪ್ಪಿದರೆ ಫಲಿತಾಂಶವೇ ಕೆಡುತ್ತದೆ. ಚಿತ್ರದ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಕೋಶಗಳನ್ನು ಲೆಕ್ಕದಿಂದ ತೆಗೆಯಲೇಬೇಕು. ಆದರೆ ನೆರೆಗಳನ್ನು ಎಣಿಸಿದ ಮೇಲೆ ತೆಗೆಯಬೇಕು. ಮೊದಲೇ ತೆಗೆದರೆ ಅವುಗಳಿಗೆ ತಾಗಿಕೊಂಡಿದ್ದ ಒಳಗಿನ ಸಾಲಿನ ಕೋಶಗಳು ತಮ್ಮ ನೆರೆಗಳನ್ನು ಕಳೆದುಕೊಂಡು ನಾಲ್ಕು, ಮೂರು ಬದಿಯವಾಗಿ ಕಾಣುತ್ತವೆ. ಹಾಗಾಗಿ ಪೂರ್ತಿ ಚಿತ್ರದ ಮೇಲೆ ನೆರೆಗಳ ಪಟ್ಟಿ ಮಾಡಿ. ಆಮೇಲೆ ರಿಮೂವ್ ಬಾರ್ಡರ್ ಲೇಬಲ್ಸ್ ಮಾಡಿದ ಚಿತ್ರದಲ್ಲಿ ಯಾವ ನಂಬರ್‌ಗಳು ಉಳಿದಿವೆ ನೋಡಿ, ಅವುಗಳ ಸಾಲು ಮಾತ್ರ ಇಟ್ಟುಕೊಳ್ಳಿ.

ಒಂದು ಬಿಂದುವಿನಲ್ಲಿ ಮೂರೇ ಕೋಶಗಳು ಸೇರುವ ಹಾಳೆಯಲ್ಲಿ ನೆರೆಕೋಶಗಳ ಸರಾಸರಿ ಆರರ ಹತ್ತಿರ ಬರಬೇಕು. ಇದು ಮೂಲೆ, ಅಂಚು, ಮುಖಗಳ ಸಂಖ್ಯೆಯನ್ನು ಜೋಡಿಸುವ ಆಯ್ಲರ್ ಸೂತ್ರದಿಂದ ಬರುವ ಮಾತು. ನಿಮ್ಮ ಸರಾಸರಿ 5ರ ಆಸುಪಾಸು ಬಂದರೆ ಅಂಚಿನ ಕೋಶಗಳನ್ನು ತಪ್ಪಾದ ಕ್ರಮದಲ್ಲಿ ತೆಗೆದಿದ್ದೀರಿ ಅಥವಾ ಲೇಬಲ್‌ಗಳ ನಡುವೆ ಸಂದು ಉಳಿದಿದೆ. ಆದರೆ ಸರಾಸರಿ ಆರು ಬಂದ ಮಾತ್ರಕ್ಕೆ ಗೆರೆಗಳು ಸರಿಯಿವೆ ಎಂದು ಅರ್ಥವಲ್ಲ. ತಪ್ಪು ಗೆರೆಗಳಿರುವ ಚಿತ್ರದಲ್ಲೂ ಸರಾಸರಿ ಆರೇ ಬರುತ್ತದೆ. ಗೆರೆಯ ತಪ್ಪು ಕಾಣುವುದು ಹಂಚಿಕೆಯಲ್ಲಿ. ಮೂರು ಬದಿಯ ಕೋಶಗಳು ಹೆಚ್ಚಾಗಿ ಕಂಡರೆ ಕೋಶಗಳು ತುಂಡಾಗಿವೆ ಎಂದು ಅನುಮಾನಿಸಿ, ಆ ನಂಬರ್‌ಗಳನ್ನು ಚಿತ್ರದಲ್ಲಿ ಹುಡುಕಿ ನೋಡಿ. ರೋಯಿಯೊದಲ್ಲಿ ಪತ್ರರಂಧ್ರಕ್ಕೆ ನಾಲ್ಕು ನೆರೆ ಇರುವುದು ಸಹಜ, ಅದು ತಪ್ಪಲ್ಲ.

ಅಂಕಿಗಳನ್ನು ಓದುವುದು

ಕೋಶವೊಂದು ಎರಡಾದಾಗ ಹೊಸ ಗೋಡೆಯ ಎರಡೂ ತುದಿಯಲ್ಲಿರುವ ನೆರೆಕೋಶಗಳಿಗೆ ತಲಾ ಒಂದು ಬದಿ ಹೆಚ್ಚುತ್ತದೆ. ಆರು ಬದಿಯ ಕೋಶ ಸಮನಾಗಿ ಒಡೆದರೆ ಎರಡು ಐದು ಬದಿಯ ಮರಿಕೋಶಗಳಾಗುತ್ತವೆ. ಹೀಗೆ ವಿಭಜನೆಯಿಂದಲೇ ಐದು, ಆರು, ಏಳು ಬದಿಗಳ ಮಿಶ್ರಣ ಹುಟ್ಟುತ್ತದೆ. ಹಣ್ಣುನೊಣದ ಮರಿಯ ರೆಕ್ಕೆಯಾಗುವ ಅಂಗಾಂಶದಲ್ಲಿ ಇದನ್ನು ಎಣಿಸಿ, ಆರು ಬದಿಯವು ಅರ್ಧಕ್ಕಿಂತ ಕಡಿಮೆಯೇ ಇರುತ್ತವೆ ಎಂದು 2006ರಲ್ಲಿ ಮ್ಯಾಥ್ಯೂ ಗಿಬ್ಸನ್, ರಾಧಿಕಾ ನಾಗ್ಪಾಲ್ ಮತ್ತು ಸಂಗಡಿಗರು ತೋರಿಸಿದರು. ಅದಕ್ಕೂ ಬಹಳ ಹಿಂದೆ, 1928ರಲ್ಲಿ, ಎಫ್. ಟಿ. ಲೂಯಿಸ್ ಸೌತೆಕಾಯಿಯ ಹೊರಪದರ ನೋಡಿ ನೆರೆಗಳು ಹೆಚ್ಚಿದಷ್ಟೂ ಕೋಶದ ಸರಾಸರಿ ವಿಸ್ತೀರ್ಣ ಸರಳರೇಖೆಯಲ್ಲಿ ಹೆಚ್ಚುತ್ತದೆ ಎಂದು ಗುರುತಿಸಿದ್ದರು. ನಿಮ್ಮ ಎಲೆಯ ಬುಡದಲ್ಲಿ ಈ ರೇಖೆ ಬರುತ್ತದೆಯೇ, ತುದಿಗೆ ಹೋದಾಗ ಉಳಿಯುತ್ತದೆಯೇ? ಗ್ರಾಫ್ ಹಾಕಿ ನೋಡಿ.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಒಂದು ಚೌಕದಲ್ಲಿ 20 ಪತ್ರರಂಧ್ರ, 380 ಬೇರೆ ಕೋಶಗಳಿವೆ ಎನ್ನಿ. ಕೋಶಗಳೆಲ್ಲ ಬೆಳೆದು ನಾಲ್ಕು ಪಟ್ಟು ದೊಡ್ಡದಾದರೆ, ಅಷ್ಟೇ ದೊಡ್ಡ ಚೌಕದಲ್ಲಿ 5 ಪತ್ರರಂಧ್ರ, 95 ಕೋಶ ಸಿಗುತ್ತವೆ. ಸಾಂದ್ರತೆ ಕಾಲು ಭಾಗಕ್ಕೆ ಇಳಿಯಿತು. ಆದರೆ ಪತ್ರರಂಧ್ರಗಳ ಪಾಲು ಎರಡೂ ಕಡೆ ಶೇಕಡಾ 5. ಈ ಪಾಲಿಗೆ ಸ್ಟೊಮ್ಯಾಟಲ್ ಇಂಡೆಕ್ಸ್ ಎನ್ನುತ್ತಾರೆ, 1927ರಲ್ಲಿ ಸಾಲಿಸ್‌ಬರಿ ಕೊಟ್ಟದ್ದು. ಸಾಂದ್ರತೆ ಇಳಿದು ಇಂಡೆಕ್ಸ್ ಹಾಗೇ ಇದ್ದರೆ ಕೋಶಗಳು ಹಿಗ್ಗಿದ್ದಷ್ಟೇ ಕಾರಣ. ಇಂಡೆಕ್ಸ್ ಕೂಡ ಬದಲಾದರೆ ಕೋಶಗಳ ವಿಭಜನೆಯಲ್ಲೇ ಏನೋ ಬೇರೆ ನಡೆದಿದೆ. ಸುಮ್ನೆ ಸಾಂದ್ರತೆ ಅಳೆದು ನಿಲ್ಲಿಸಿದರೆ ಈ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ.

ಪತ್ರರಂಧ್ರಗಳು ಒಂದಕ್ಕೊಂದು ದೂರ ಇಟ್ಟುಕೊಂಡಿವೆಯೇ ಎಂಬುದು ಇನ್ನೊಂದು ಪ್ರಶ್ನೆ. ಕಣ್ಣಿಗೆ ಹಾಗೆ ಕಂಡರೆ ಸಾಲದು, ಆಕಸ್ಮಿಕವಾಗಿ ಹರಡಿದ್ದರೆ ಹೇಗಿರುತ್ತಿತ್ತು ಎಂದು ಗೊತ್ತಿರಬೇಕು. 400 ಕೋಶಗಳಲ್ಲಿ ಕಣ್ಣುಮುಚ್ಚಿ 20ನ್ನು ಆರಿಸಿದರೆ, ಒಂದಕ್ಕೊಂದು ತಾಗಿಕೊಂಡ ಜೋಡಿಗಳು ಸರಾಸರಿ ಸುಮಾರು 3 ಬರುತ್ತವೆ. ನಿಮ್ಮ ಚಿತ್ರದಲ್ಲಿ ಅಂಥ ಜೋಡಿ ಒಂದೂ ಇಲ್ಲ ಎಂದರೆ ಕೂಡಲೇ ಸಂಭ್ರಮಪಡಬೇಡಿ. ಸರಾಸರಿ 3 ಇರುವಾಗ 100ಕ್ಕೆ ಐದಾರು ಸಲ ಆಕಸ್ಮಿಕವಾಗಿಯೇ ಸೊನ್ನೆ ಬರುತ್ತದೆ. ಹಲವು ಎಲೆಗಳಲ್ಲಿ ಸೊನ್ನೆ ಬಂದರೆ ಆಗ ಮಾತಾಡಬಹುದು. ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಅಧ್ಯಯನ ಮಾಡುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಎರಡು ಪತ್ರರಂಧ್ರಗಳ ನಡುವೆ ಕನಿಷ್ಠ ಒಂದು ಕೋಶ ಇರುತ್ತದೆ. ಟೂ ಮೆನಿ ಮೌತ್ಸ್ ಎಂಬ ಜೀನ್ ಕೆಟ್ಟರೆ ಅವು ಗುಂಪುಗುಂಪಾಗಿ ಬರುತ್ತವೆ.

ರೋಯಿಯೊದಲ್ಲಿ ಪತ್ರರಂಧ್ರದ ಸುತ್ತ ನಾಲ್ಕು ಸಹಾಯಕ ಕೋಶ ಇರುವುದರಿಂದ ಸೊನ್ನೆ ಬಂದೇ ಬರುತ್ತದೆ. ಆದ್ದರಿಂದ ಇಲ್ಲಿ ಕೇಳಬೇಕಾದ್ದು: ಒಂದು ಪತ್ರರಂಧ್ರದಿಂದ ಹತ್ತಿರದ ಇನ್ನೊಂದಕ್ಕೆ ಹೋಗಲು ಎಷ್ಟು ಕೋಶ ದಾಟಬೇಕು? ನೆರೆಗಳ ಪಟ್ಟಿಯಿಂದಲೇ ಇದು ಸಿಗುತ್ತದೆ. ಪೈಥಾನ್ ಅಥವಾ ಆರ್ ಗೊತ್ತಿದ್ದವರು, ತಾಗಿಕೊಂಡ ಜೋಡಿಗಳನ್ನು ಬಿಟ್ಟು, 1000 ಸಲ ಯಾದೃಚ್ಛಿಕವಾಗಿ ಕೋಶಗಳನ್ನು ಆರಿಸಿ ಹೋಲಿಸಿ.

ಎಷ್ಟು ಮಾದರಿ ಎಂಬ ಲೆಕ್ಕದಲ್ಲಿ ಎಡವಬೇಡಿ. ಒಂದೇ ಎಲೆಯ 2000 ಕೋಶಗಳು 2000 ಮಾದರಿಗಳಲ್ಲ. ಅವೆಲ್ಲ ಒಂದೇ ಗಿಡದ ಒಂದೇ ಎಲೆಯವು. ಬೇರೆ ಬೇರೆ ಗಿಡಗಳ ಎಲೆ ತೆಗೆದುಕೊಳ್ಳಿ, ಪ್ರತಿ ಎಲೆಗೂ ಒಂದು ಸರಾಸರಿ ಮಾಡಿ, ಆ ಸರಾಸರಿಗಳನ್ನು ಹೋಲಿಸಿ.

ಎಲೆಯಿಂದ ಮುಂದಕ್ಕೆ

ಬೆಂಗಳೂರಿನ ಬಳ್ಳಾರಿ ರಸ್ತೆಯ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಇದೆ. ಅದನ್ನು ಕಟ್ಟಿದ ಒಬೈದ್ ಸಿದ್ದಿಕಿಯವರು ಹಣ್ಣುನೊಣದ ಮೇಲೆಯೇ ಕೆಲಸ ಮಾಡಿದವರು. ಅಂಥ ಕಡೆ ಇಂಟರ್ನ್‌ಶಿಪ್ ಸಿಕ್ಕಿ ನೊಣದ ಅಂಗಾಂಶದ ಕಾನ್‌ಫೋಕಲ್ (ಲೇಸರ್ ಬಳಸಿ ಪದರ ಪದರವಾಗಿ ತೆಗೆಯುವ) ಚಿತ್ರ ನಿಮ್ಮ ಕೈಗೆ ಬಂದರೂ ಈ ಹಂತಗಳು ಬದಲಾಗುವುದಿಲ್ಲ. ನೇರಳೆ ಬಣ್ಣದ ಬದಲು ಇ ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್ ಗೆರೆಯನ್ನು ಬೆಳಗಿಸಿ ತೋರಿಸುತ್ತದೆ, ಅಷ್ಟೇ.

ಹೊಸದಾಗಿ ಬರುವ ತೊಡಕು ಆಳದ್ದು. ಅಂಗಾಂಶ ಬಾಗಿರುತ್ತದೆ, ಚಿತ್ರ ಪದರ ಪದರವಾಗಿರುತ್ತದೆ. ಎಲ್ಲ ಪದರಗಳನ್ನು ಮ್ಯಾಕ್ಸಿಮಮ್ ಪ್ರೊಜೆಕ್ಷನ್‌ನಲ್ಲಿ ಒಂದು ಮಾಡಿದರೆ ಮೇಲಿನ ಇನ್ನೊಂದು ಪೊರೆಯ ಗೆರೆಗಳೂ ಬಂದು ಸೇರಿಕೊಳ್ಳುತ್ತವೆ. ಬೇಕಾದ ಪದರಗಳನ್ನು ಮಾತ್ರ ಆರಿಸಿ ಪ್ರೊಜೆಕ್ಟ್ ಮಾಡಿ. ಇಳಿಜಾರಾಗಿರುವ ಜಾಗದ ಕೋಶ ಚಪ್ಪಟೆ ಚಿತ್ರದಲ್ಲಿ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಅದನ್ನು ಅಳತೆಯಿಂದ ಬಿಡಿ. ಕಾಲದ ಜೊತೆ ಕೋಶಗಳನ್ನು ಹಿಂಬಾಲಿಸಬೇಕಾದರೆ ಟಿಶ್ಯೂ ಅನಲೈಸರ್ ಎಂಬ ಪ್ಲಗಿನ್ ಇದೆ, ಹೊರಪದರದ ಅಂಗಾಂಶಗಳಿಗೆಂದೇ ಮಾಡಿದ್ದು.

ಫೈಲ್‌ಗಳನ್ನು ಇಡುವ ಕ್ರಮವನ್ನು ಮೊದಲ ದಿನವೇ ನಿರ್ಧರಿಸಿ. ಮೂಲ ಚಿತ್ರ, ತಿದ್ದಿದ ಲೇಬಲ್ ಚಿತ್ರ, ಕೋಷ್ಟಕ, ಮೂರಕ್ಕೂ ಒಂದೇ ಹೆಸರು, ಕೊನೆಯಲ್ಲಿ ಬೇರೆ ಬೇರೆ ಗುರುತು. ಪ್ಲಗಿನ್ಸ್ ಮೆನುವಿನ ಮ್ಯಾಕ್ರೋಸ್‌ನಲ್ಲಿ ರೆಕಾರ್ಡ್ ಆನ್ ಮಾಡಿಟ್ಟರೆ ನೀವು ಕೊಟ್ಟ ಆದೇಶ, ಬೆಲೆಗಳೆಲ್ಲ ಸಾಲಾಗಿ ದಾಖಲಾಗುತ್ತವೆ. ಅದನ್ನೂ ಅದೇ ಫೋಲ್ಡರ್‌ಗೆ ಹಾಕಿ, ಜೊತೆಗೆ ಫಿಜಿಯ ಆವೃತ್ತಿ ಯಾವುದೆಂದು ಒಂದು ಸಾಲು ಬರೆದಿಡಿ. ಗೈಡ್ ಕೇಳಿದಾಗ 137ನೇ ನಂಬರಿನ ಕೋಶಕ್ಕೆ ಎಂಟು ನೆರೆ ಹೇಗೆ ಬಂತು ಎಂದು ಚಿತ್ರ ತೆರೆದು ತೋರಿಸುವಂತಿರಬೇಕು.